ಒಂದೂವರೆ ಮನೆ ಶ್ರುತಿಯ ಹಾಡು

ಸ್ಯಾಕ್ಸೋಫೋನ್ ಕೇಳುವವರು ಅಕ್ಟೋಬರ್ 11ನ್ನು ಎರಡು ಕಾರಣಕ್ಕೆ ನೆನಪಿಡಬೇಕು. 1939ರ ಆ ದಿನ ನ್ಯೂಯಾರ್ಕಿನಲ್ಲಿ ಕೋಲ್‌ಮನ್ ಹಾಕಿನ್ಸ್ ಎಂಬಾತ ‘ಬಾಡಿ ಅಂಡ್ ಸೋಲ್’ ಹಾಡನ್ನು ಮೂರು ನಿಮಿಷ ನುಡಿಸಿ ಎದ್ದುಹೋದ. ಸರಿಯಾಗಿ ಎಂಬತ್ತು ವರ್ಷದ ನಂತರ, 2019ರ ಅದೇ ದಿನ, ಮಂಗಳೂರಿನಲ್ಲಿ ಕದ್ರಿ ಗೋಪಾಲನಾಥ್ ತೀರಿಕೊಂಡರು. ಕಾಕತಾಳೀಯ ಅಷ್ಟೇ, ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೂ ಒಬ್ಬ ಟೆನರ್ ಸ್ಯಾಕ್ಸೋಫೋನನ್ನು ಜಾಝ್‌ನ ಮುಂಚೂಣಿಗೆ ತಂದವನು, ಇನ್ನೊಬ್ಬರು ಆಲ್ಟೋ ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತದ ಕಛೇರಿಯಲ್ಲಿ ಕೂರಿಸಿದವರು. ಇಬ್ಬರ ಹೆಸರೂ ಒಂದೇ ತಾರೀಖಿನ ಕೆಳಗೆ ಬಂದಿರುವುದು ಅಂಕಣ ಬರೆಯುವವರಿಗೆ ಸಿಕ್ಕ ಅನುಕೂಲ.

ಜಾಝ್ ಕೇಳಬೇಕು ಅನ್ನಿಸುತ್ತದೆ, ಎಲ್ಲಿಂದ ಶುರು ಮಾಡುವುದು ಎಂದು ಆಗಾಗ ಯಾರಾದರೂ ಕೇಳುತ್ತಾರೆ. ಕೇಳಿದವರ ಕೈಗೆ ನೂರು ಆಲ್ಬಂಗಳ ಪಟ್ಟಿ ಕೊಡುವವರೂ ಇದ್ದಾರೆ. ಆ ಪಟ್ಟಿ ಹಿಡಿದವರು ಮೂರನೆಯ ಆಲ್ಬಮ್ಮಿಗೇ ಕೈಬಿಡುತ್ತಾರೆ. ನಾನು ಹೇಳುವುದು ಬೇರೆ. ಒಂದೇ ಒಂದು ಹಾಡು ಹಿಡಿಯಿರಿ, ಅದನ್ನೇ ಐದಾರು ಜನ ನುಡಿಸಿದ್ದನ್ನು ಒಂದರ ಹಿಂದೊಂದು ಕೇಳಿ. ನಮ್ಮವರಿಗೆ ಇದು ಹೊಸದಲ್ಲ. ತ್ಯಾಗರಾಜರ ಒಂದೇ ಕೃತಿಯನ್ನು ನಾಲ್ಕು ಜನ ವಿದ್ವಾಂಸರಿಂದ ಕೇಳಿ, ಚರಣದಲ್ಲಿ ಇವರು ಹೀಗೆ ಮಾಡಿದರು, ಅವರು ನೆರವಲಿಗೆ ಇನ್ನೊಂದು ಸಾಲು ಹಿಡಿದರು ಎಂದು ಜಗಲಿಯಲ್ಲಿ ಕೂತು ವಾದಿಸುವ ಜನ ನಾವು. ಆ ಕಿವಿ ಸಾಕು. ಜಾಝ್‌ನವರು ಸ್ಟ್ಯಾಂಡರ್ಡ್ ಅನ್ನುವುದು ಇಂಥ ಹಾಡುಗಳನ್ನೇ: ಎಲ್ಲರಿಗೂ ಗೊತ್ತಿರುವ, ಎಲ್ಲರೂ ನುಡಿಸುವ, ಪ್ರತಿಯೊಬ್ಬರೂ ತಮ್ಮ ದಾರಿಯಲ್ಲಿ ಕೊಂಡೊಯ್ಯುವ ಹಾಡು. ‘ಬಾಡಿ ಅಂಡ್ ಸೋಲ್’ ಅವುಗಳಲ್ಲಿ ಸ್ಯಾಕ್ಸೋಫೋನಿನವರ ಪಾಲಿಗೆ ದೊಡ್ಡದು.

ಬಂಗಾರಪೇಟೆಯಲ್ಲಿ ಕೂತ ನಮ್ಮಂಥವರಿಗೆ ಇದೆಲ್ಲ ಯಾಕೆ ಎಂಬ ಮಾತೂ ಬರುತ್ತದೆ. ಹಾಗೆ ಕೇಳುವವರಿಗೆ ಮಾರಿಕುಪ್ಪಂ ರೈಲು ಹತ್ತಿ ನೋಡಿ ಅನ್ನುತ್ತೇನೆ. ಊರಿನ ಹೆಸರು ಬೌರಿಂಗ್‌ಪೇಟೆಯಾಗಿದ್ದ ಕಾಲದಲ್ಲಿ, 1894ರಲ್ಲಿ, ಕೆಜಿಎಫ್‌ನ, ಅಂದರೆ ಕೋಲಾರದ ಚಿನ್ನದ ಗಣಿಗಾಗಿ ಹಾಕಿದ ಮಾರ್ಗ ಅದು. ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. 1880ರಿಂದ ಅಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬೇರೂರಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು, ಬೆಂಗಳೂರಿಗೆ ಬರುವ ಮೊದಲೇ. ಇಂಗ್ಲಿಷರು, ಆಂಗ್ಲೋ ಇಂಡಿಯನ್ನರು, ಆರ್ಕಾಟು ಚಿತ್ತೂರು ಕಡೆಯಿಂದ ಬಂದ ಗಣಿ ಕೂಲಿಗಳು, ಸುತ್ತಲ ಹಳ್ಳಿಯ ಕನ್ನಡ ತೆಲುಗಿನವರು ಎಲ್ಲ ಸೇರಿದ ಊರು. ಗಾಲ್ಫ್ ಮೈದಾನದ ಕೆಜಿಎಫ್ ಕ್ಲಬ್ ಒಂದು ಕಡೆ, ಕೂಲಿ ಲೈನುಗಳ ತಟ್ಟಿ ಮನೆ ಇನ್ನೊಂದು ಕಡೆ. ಕ್ರಿಸ್‌ಮಸ್ಸು, ಹೊಸ ವರ್ಷ ಬಂದರೆ ಬ್ಯಾಂಡಿನೊಂದಿಗೆ ನೃತ್ಯ. ಆ ಕಾಲದ ನೃತ್ಯದ ಬ್ಯಾಂಡುಗಳಿಗೆ ಲಂಡನ್, ನ್ಯೂಯಾರ್ಕಿನ ಹೊಸ ಹಾಡುಗಳು ಗ್ರಾಮಫೋನ್ ತಟ್ಟೆಯ ಮೂಲಕವೋ ಅಚ್ಚಾದ ಸ್ವರಲಿಪಿಯ ಮೂಲಕವೋ ಬರುತ್ತಿದ್ದವು. ಸ್ವಾತಂತ್ರ್ಯ ಬಂದ ಮೇಲೆ ಆಂಗ್ಲೋ ಇಂಡಿಯನ್ ಕುಟುಂಬಗಳು ಒಂದೊಂದೇ ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಹೊರಟುಹೋದವು. 2001ರ ಫೆಬ್ರುವರಿ 28ಕ್ಕೆ ಗಣಿಯೂ ಮುಚ್ಚಿತು. ಈಗ ಕೆಜಿಎಫ್ ಅಂದರೆ ಜನಕ್ಕೆ ಸೈನೈಡ್ ದಿಬ್ಬ ಮತ್ತು ಯಶ್ ಸಿನಿಮಾ. ಇಲ್ಲಿ ಸ್ಯಾಕ್ಸೋಫೋನು ಕೇಳಿಸುತ್ತಿತ್ತು ಅಂದರೆ ಮದುವೆಯ ಬ್ಯಾಂಡ್‌ಸೆಟ್ ಅಂದುಕೊಳ್ಳುತ್ತಾರೆ.

ಇರಲಿ, ಹಾಡಿಗೆ ಬರೋಣ. ‘ಬಾಡಿ ಅಂಡ್ ಸೋಲ್’ಗೆ ರಾಗ ಹಾಕಿದ್ದು ಜಾನಿ ಗ್ರೀನ್, 1930ರಲ್ಲಿ. ಆಗ ಅವನಿಗೆ ಇಪ್ಪತ್ತೆರಡರ ಆಸುಪಾಸು. ಗರ್ಟ್ರೂಡ್ ಲಾರೆನ್ಸ್ ಎಂಬ ಇಂಗ್ಲಿಷ್ ನಟಿಗಾಗಿ ಬರೆದದ್ದು, ಮೊದಲು ಹೆಸರು ಮಾಡಿದ್ದು ಲಂಡನ್ನಿನಲ್ಲಿ. ಅದೇ ವರ್ಷ ನ್ಯೂಯಾರ್ಕಿನ ರಂಗಕ್ಕೆ ಬಂತು, ಅದೇ ವರ್ಷ ಲೂಯಿ ಆರ್ಮ್‌ಸ್ಟ್ರಾಂಗ್ ತಟ್ಟೆ ಕೊಟ್ಟ. ಪ್ರೇಮದಲ್ಲಿ ಸೋತವರ ಗೋಳಿನ ಹಾಡು, ಸಾಹಿತ್ಯ ಅಂಥ ಮಹಾ ಸಾಹಿತ್ಯವೇನಲ್ಲ. ಮಾತು ಬಿಟ್ಟು ವಾದ್ಯಕ್ಕೆ ಬಂದ ಮೇಲೆಯೇ ಅದಕ್ಕೆ ತೂಕ ಬಂದದ್ದು ಎಂದರೆ ತಪ್ಪಾಗಲಾರದು.

ವಾದ್ಯದವರು ಇದಕ್ಕೆ ಬಿದ್ದದ್ದು ಏಕೆಂದು ತಿಳಿಯಬೇಕಾದರೆ ಹಾಡಿನ ಕಟ್ಟಡ ನೋಡಬೇಕು. ಒಟ್ಟು ಮೂವತ್ತೆರಡು ಬಾರ್. ಒಂದು ಬಾರ್ ಅಂದರೆ ನಾಲ್ಕು ಎಣಿಕೆ, ನಮ್ಮ ಚತುರಶ್ರ ಜಾತಿ ಏಕತಾಳದ ಒಂದು ಆವರ್ತ ಅನ್ನಿ. ಎಂಟೆಂಟು ಬಾರಿನ ನಾಲ್ಕು ಸಾಲು. ಮೊದಲ ಸಾಲಿನ ಮಟ್ಟೇ ಎರಡನೆಯದಕ್ಕೂ ನಾಲ್ಕನೆಯದಕ್ಕೂ. ಮೂರನೆಯದು ಮಾತ್ರ ಬೇರೆ, ಅದನ್ನು ಬ್ರಿಡ್ಜ್ ಅನ್ನುತ್ತಾರೆ. ನಾಲ್ಕು ಸಾಲು ಮುಗಿದರೆ ಒಂದು ಕೋರಸ್. ಒಂದು ಕೋರಸ್ ಮುಗಿದ ಕೂಡಲೇ ಇನ್ನೊಂದು ಶುರು. ಹಿಂದೆ ಪಿಯಾನೋ, ಬಾಸ್, ಡ್ರಮ್ಮಿನವರು ಈ ಚೌಕಟ್ಟನ್ನು ತಿರುಗಿಸುತ್ತಲೇ ಇರುತ್ತಾರೆ; ಮುಂದೆ ನಿಂತವನು ಅದರ ಮೇಲೆ ಅಲ್ಲಲ್ಲೇ ಹೊಸ ಮಟ್ಟು ಕಟ್ಟುತ್ತಾನೆ. ನಮ್ಮ ಕಲ್ಪನಾಸ್ವರದವರಿಗೆ ತಾಳದ ಲೆಕ್ಕವಿದ್ದಂತೆ ಇವರಿಗೆ ತಾಳದ ಜೊತೆ ಕಾರ್ಡುಗಳ ಲೆಕ್ಕವೂ ಉಂಟು. ಒಂದೊಂದು ಬಾರಿಗೆ ಪಿಯಾನೋದವನು ಒಂದೆರಡು ಸ್ವರಗುಚ್ಛ ಬದಲಿಸುತ್ತಾನೆ, ನುಡಿಸುವವನ ಸ್ವರ ಆಯಾ ಗುಚ್ಛಕ್ಕೆ ಹೊಂದಬೇಕು, ಇಲ್ಲವೇ ಹೊಂದದೆ ಇರುವುದಕ್ಕೆ ಒಳ್ಳೆಯ ಕಾರಣ ತೋರಿಸಬೇಕು.

ಈ ಹಾಡಿನ ನಿಜವಾದ ಕಿತಾಪತಿ ಇರುವುದು ಬ್ರಿಡ್ಜಿನಲ್ಲಿ. ಮೊದಲೆರಡು ಸಾಲು ಡಿ ಫ್ಲ್ಯಾಟ್‌ನಲ್ಲಿವೆ, ಅಂದರೆ ನಮ್ಮ ಲೆಕ್ಕದಲ್ಲಿ ಒಂದೂವರೆ ಮನೆ ಶ್ರುತಿ. ಬ್ರಿಡ್ಜ್ ಬಂದ ತಕ್ಷಣ ಹಾಡು ಇಡಿಯಾಗಿ ಎರಡು ಮನೆಗೆ ಏರುತ್ತದೆ. ನಾಲ್ಕು ಬಾರ್ ಅಲ್ಲಿದ್ದು ಒಂದು ಮನೆಗೆ ಇಳಿಯುತ್ತದೆ. ಅಲ್ಲಿಂದ ಜಾರಿಕೊಂಡು ಮತ್ತೆ ಒಂದೂವರೆ ಮನೆಗೆ ಬಂದು ಕೊನೆಯ ಸಾಲು ಹಿಡಿಯುತ್ತದೆ. ನಮ್ಮಲ್ಲಿ ಗ್ರಹಭೇದ ಮಾಡುವಾಗ ಗಾಯಕರು ಷಡ್ಜವನ್ನು ಇನ್ನೊಂದು ಸ್ವರದ ಮೇಲೆ ಹೊರಿಸಿ, ಬೇರೆ ರಾಗದ ನೆರಳು ತೋರಿಸಿ ವಾಪಸ್ ಬರುತ್ತಾರೆ. ಆದರೆ ತಂಬೂರಿ ಕದಲುವುದಿಲ್ಲ. ಇಲ್ಲಿ ತಂಬೂರಿಯೇ ಎದ್ದು ನಡೆಯುತ್ತದೆ. ಬರೀ ಅರ್ಧ ಮನೆಯ ಅಂತರವಾದ್ದರಿಂದ ಕಿವಿಗೆ ಒಂದು ಕ್ಷಣ ನೆಲ ಸರಿದ ಹಾಗಾಗುತ್ತದೆ. ಜಾಝ್ ಕೇಳಿ ಅಭ್ಯಾಸವಿಲ್ಲದವರಿಗೂ ಇದು ಗೊತ್ತಾಗುತ್ತದೆ. ಮೊದಲ ಸಲ ಕೇಳುವಾಗ ಬೇರೇನೂ ಮಾಡಬೇಡಿ, ಆ ಏರುವ ಜಾಗ ಹಿಡಿಯಿರಿ.

ಇನ್ನು ಹಾಕಿನ್ಸ್. ಮಿಸ್ಸೂರಿಯ ಸೇಂಟ್ ಜೋಸೆಫ್‌ನಲ್ಲಿ 1904ರಲ್ಲಿ ಹುಟ್ಟಿದವ. ಫ್ಲೆಚರ್ ಹೆಂಡರ್ಸನ್ನನ ಬ್ಯಾಂಡಿನಲ್ಲಿ ಹತ್ತು ವರ್ಷ ನುಡಿಸಿದ. ಆತ ಬರುವ ಮೊದಲು ಟೆನರ್ ಸ್ಯಾಕ್ಸೋಫೋನು ತಮಾಷೆಯ ಸದ್ದು ಮಾಡುವ ವಾದ್ಯ. ಅದಕ್ಕೆ ಗಾಂಭೀರ್ಯ ಕಲಿಸಿದವನೇ ಈತ. 1934ರಲ್ಲಿ ಯುರೋಪಿಗೆ ಹೋಗಿ ಐದು ವರ್ಷ ಅಲ್ಲೇ ಇದ್ದ. ಯುದ್ಧದ ಮೋಡ ಕವಿಯುವ ಹೊತ್ತಿಗೆ ಅಮೆರಿಕಕ್ಕೆ ಮರಳಿದ. ಊರಿನಲ್ಲಿ ಆಗಲೇ ಹೊಸ ಹುಡುಗರು ಬಂದಿದ್ದರು. ಹಾಕಿನ್ಸನ ಕಾಲ ಮುಗಿಯಿತು ಎಂದುಕೊಂಡವರೂ ಇದ್ದರು. ಅಕ್ಟೋಬರ್ 11ರ ಧ್ವನಿಮುದ್ರಣದಲ್ಲಿ ಆತ ‘ಬಾಡಿ ಅಂಡ್ ಸೋಲ್’ ನುಡಿಸಲು ಸಿದ್ಧನಾಗಿ ಬಂದಿರಲಿಲ್ಲ. ಬೇರೆ ಹಾಡುಗಳಾದ ಮೇಲೆ, ಕಂಪನಿಯವರ ಒತ್ತಾಯಕ್ಕೆ, ಕೊನೆಯಲ್ಲಿ ಇದೊಂದು ಎಂದು ನುಡಿಸಿದ್ದು.

ಜೀನ್ ರಾಡ್ಜರ್ಸ್ ಪಿಯಾನೋದಲ್ಲಿ ನಾಲ್ಕು ಬಾರಿನ ಪೀಠಿಕೆ ಹಾಕುತ್ತಾನೆ. ಹಾಕಿನ್ಸ್ ಒಳಗೆ ಬರುತ್ತಾನೆ. ಮೊದಲ ಒಂದೆರಡು ಬಾರಿನಲ್ಲಿ ಮೂಲ ಮಟ್ಟು ಗುರುತು ಸಿಗುವಷ್ಟು ಸಿಗುತ್ತದೆ. ಅಷ್ಟೇ. ಅಲ್ಲಿಂದ ಮುಂದೆ ಜಾನಿ ಗ್ರೀನ್ ಬರೆದ ಮಟ್ಟು ತಿರುಗಿ ಬರುವುದೇ ಇಲ್ಲ. ಎರಡು ಕೋರಸ್, ಅರವತ್ತನಾಲ್ಕು ಬಾರ್, ಪೂರಾ ಆತ ಆ ಗಳಿಗೆಯಲ್ಲಿ ಕಟ್ಟಿದ್ದು. ಕಾರ್ಡಿನ ಪ್ರತಿ ಸ್ವರವನ್ನೂ ಕೆಳಗಿನಿಂದ ಮೇಲಕ್ಕೆ ಮುಟ್ಟಿ ಬರುತ್ತಾನೆ. ಎರಡು ಕಾರ್ಡುಗಳ ನಡುವೆ ಪಿಯಾನೋದವನು ಹಾಕದಿದ್ದ ಮೂರನೆಯ ಕಾರ್ಡನ್ನು ತಾನೇ ತೂರಿಸುತ್ತಾನೆ. ಮೊದಲ ಕೋರಸ್ಸಿನಲ್ಲಿ ಪಿಸುಮಾತು, ಹೆಚ್ಚಾಗಿ ಕೆಳಸ್ಥಾಯಿ. ಎರಡನೆಯದರಲ್ಲಿ ಹಿಂದಿನಿಂದ ಬೇರೆ ವಾದ್ಯಗಳು ಮೆಲ್ಲಗೆ ಕೂಡಿಕೊಳ್ಳುತ್ತವೆ, ಧ್ವನಿ ಮೇಲೇರುತ್ತಾ, ದಪ್ಪವಾಗುತ್ತಾ ಹೋಗಿ ಕೊನೆಯ ಸಾಲಿನಲ್ಲಿ ತುದಿ ಮುಟ್ಟುತ್ತದೆ. ಆಮೇಲೆ ಎಲ್ಲರೂ ನಿಲ್ಲುತ್ತಾರೆ, ಹಾಕಿನ್ಸ್ ಒಬ್ಬನೇ ನಾಲ್ಕು ಮಾತಾಡಿ ಮುಗಿಸುತ್ತಾನೆ.

ಇಂಥ ತಟ್ಟೆ ಮಾರಾಟವಾಗಬಾರದಿತ್ತು. ಮಟ್ಟೇ ಇಲ್ಲದ ಹಾಡನ್ನು ಯಾರು ಕೊಳ್ಳುತ್ತಾರೆ? ಆದರೆ ಜನ ಮುಗಿಬಿದ್ದು ಕೊಂಡರು. ಹೋದಲ್ಲೆಲ್ಲ ಅದನ್ನೇ ನುಡಿಸು, ತಟ್ಟೆಯಲ್ಲಿದ್ದ ಹಾಗೇ ನುಡಿಸು ಎಂದು ಹಾಕಿನ್ಸನನ್ನು ಪೀಡಿಸಿದರು. ತಟ್ಟೆಯಲ್ಲಿ ಇದ್ದದ್ದು ಆ ಕ್ಷಣದ ಮನೋಧರ್ಮ. ಕೇಳುಗರು ಅದನ್ನೇ ಕೃತಿ ಮಾಡಿಕೊಂಡರು. ಮುಂದೆ ಎಡ್ಡಿ ಜೆಫರ್ಸನ್ ಎಂಬ ಹಾಡುಗಾರ ಆ ಸ್ಯಾಕ್ಸೋಫೋನ್ ಸ್ವರಗಳಿಗೆ ಸ್ವರಕ್ಕೊಂದು ಅಕ್ಷರದ ಹಾಗೆ ಮಾತು ಕೂರಿಸಿ ಹಾಡಿದ. 2004ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಈ ತಟ್ಟೆಯನ್ನು ಸೇರಿಸಿತು.

ಹಾಕಿನ್ಸನಿಗಿಂತ ಒಂದು ವರ್ಷ ಮುಂಚೆ, 1938ರಲ್ಲಿ, ಚೂ ಬೆರಿ ಇದೇ ಹಾಡು ನುಡಿಸಿದ್ದ. ಚೆನ್ನಾಗಿದೆ, ಜೊತೆಯ ರಾಯ್ ಎಲ್ಡ್ರಿಜ್‌ನ ಟ್ರಂಪೆಟ್ ನಡುವೆ ಕಾಲ ಇಮ್ಮಡಿ ಮಾಡಿ ಓಡುವುದು ಇನ್ನೂ ಚೆನ್ನ. 1942ರ ಲೆಸ್ಟರ್ ಯಂಗ್ ಬೇರೆಯೇ ಪ್ರಪಂಚ. ಡ್ರಮ್ಮಿಲ್ಲ, ಪಿಯಾನೋಗೆ ನ್ಯಾಟ್ ಕಿಂಗ್ ಕೋಲ್, ಒಂದು ಬಾಸ್, ಅಷ್ಟೇ. ಹಾಕಿನ್ಸ್ ಕಾರ್ಡಿನ ಒಂದು ಮೆಟ್ಟಿಲನ್ನೂ ಬಿಡುವವನಲ್ಲ, ಯಂಗ್ ಮೆಟ್ಟಿಲನ್ನು ಮುಟ್ಟಿದ್ದೇ ತಿಳಿಯದ ಹಾಗೆ ದಾಟುತ್ತಾನೆ. ದನಿ ತೆಳು, ಕಂಪನ ಕಡಿಮೆ, ಅವಸರವಿಲ್ಲ. ಚೌಕಕಾಲದ ಪದ ಇಷ್ಟಪಡುವವರು ಇದರಿಂದಲೇ ಶುರು ಮಾಡಬಹುದು.

ಚಾರ್ಲಿ ಪಾರ್ಕರ್ ಕಥೆ ಇದರ ಜೊತೆ ಹೇಳಲೇಬೇಕು. ಕ್ಯಾನ್ಸಸ್ ಸಿಟಿಯಲ್ಲಿ ಹುಡುಗನಾಗಿದ್ದಾಗ, ಹಿರಿಯರ ಗೋಷ್ಠಿಯೊಂದರಲ್ಲಿ ಎದ್ದುನಿಂತು ‘ಬಾಡಿ ಅಂಡ್ ಸೋಲ್’ ಅನ್ನು ಇಮ್ಮಡಿ ಕಾಲದಲ್ಲಿ ನುಡಿಸಲು ಹೋದ. ಹಾಡು ಕೈಕೊಟ್ಟಿತು, ಕೂತವರೆಲ್ಲ ನಕ್ಕರು. ಮನೆಗೆ ಹೋಗಿ ಅತ್ತೆ, ಮೂರು ತಿಂಗಳು ನುಡಿಸಲಿಲ್ಲ ಎಂದು ಮುಂದೆ ತಾನೇ ಹೇಳಿಕೊಂಡಿದ್ದಾನೆ. ಕೆಲ ವರ್ಷಗಳಲ್ಲಿ, ಸುಮಾರು 1940ರಲ್ಲಿ, ಅದೇ ಊರಿನಲ್ಲಿ, ಪಕ್ಕವಾದ್ಯವಿಲ್ಲದೆ ಆಲ್ಟೋ ಹಿಡಿದು ಒಬ್ಬನೇ ಎರಡು ಹಾಡು ಹೆಣೆದು ನುಡಿಸಿದ ಖಾಸಗಿ ಮುದ್ರಣವೊಂದು ಉಳಿದಿದೆ. ಎರಡನೆಯ ಹಾಡು ಇದೇ. ಗರಗರ ಸದ್ದಿನ ನಡುವೆ ಕೇಳಬೇಕು, ಆದರೆ ಕೇಳಿ. ನಗೆಪಾಟಲಾದ ಹುಡುಗ ಹಾಡಿನ ಒಳಹೊರಗನ್ನು ಬಾಯಿಪಾಠ ಮಾಡಿಕೊಂಡು ಬಂದಿರುವುದು ಗೊತ್ತಾಗುತ್ತದೆ.

ಒಬ್ಬನೇ ನುಡಿಸಿದ್ದು ಎಂದರೆ ನನಗೆ ಹೆಚ್ಚು ಇಷ್ಟ ಸಾನಿ ರೋಲಿನ್ಸ್, 1958ರ ‘ಬಿಗ್ ಬ್ರಾಸ್’ ಆಲ್ಬಮ್ಮಿನದು. ಆಲ್ಬಮ್ಮಿನಲ್ಲಿ ದೊಡ್ಡ ಹಿತ್ತಾಳೆ ಮೇಳವೇ ಇದ್ದರೂ ಈ ಹಾಡಿಗೆ ಮಾತ್ರ ಎಲ್ಲರನ್ನೂ ಪಕ್ಕಕ್ಕಿಟ್ಟ. ಬರೀ ಒಂದು ಟೆನರ್. ಡ್ರಮ್ ಇಲ್ಲದ್ದರಿಂದ ಕಾಲ ಹಿಗ್ಗುತ್ತದೆ, ಕುಗ್ಗುತ್ತದೆ. ಕಾರ್ಡು ಹಾಕುವವರಿಲ್ಲದ್ದರಿಂದ ಶ್ರುತಿ ಏರುವ ಇಳಿಯುವ ಜಾಗವನ್ನು ಆತನೇ ಸ್ವರ ಕಟ್ಟಿ ತೋರಿಸಬೇಕು. ಆಲಾಪನೆ ಕೇಳಿ ಬೆಳೆದವರಿಗೆ ಇದು ಎಲ್ಲಕ್ಕಿಂತ ಹತ್ತಿರದ್ದು ಎಂದು ನನ್ನ ಅಭಿಪ್ರಾಯ. ವಿಮರ್ಶಕರ ಪಟ್ಟಿಗಳಲ್ಲಿ ಇದು ಕೆಳಗೆ ಇರುತ್ತದೆ. ಇರಲಿ ಬಿಡಿ.

1960ರ ಅಕ್ಟೋಬರ್ 24ರಂದು ಜಾನ್ ಕೋಲ್ಟ್ರೇನ್ ನುಡಿಸಿದ್ದು ‘ಕೋಲ್ಟ್ರೇನ್ಸ್ ಸೌಂಡ್’ ಎಂಬ ಆಲ್ಬಮ್ಮಿನಲ್ಲಿದೆ. ಆಲ್ಬಮ್ ಹೊರಬಂದದ್ದು ನಾಲ್ಕು ವರ್ಷ ತಡವಾಗಿ. ಇಷ್ಟು ಹೊತ್ತಿಗೆ ಎಲ್ಲರ ಕಿವಿಯಲ್ಲೂ ಹಾಕಿನ್ಸ್ ಕೂತಿದ್ದ; ಟೆನರ್ ಹಿಡಿದವರು ಅವನನ್ನು ಅನುಕರಿಸಬೇಕು, ಇಲ್ಲವೇ ತಪ್ಪಿಸಿಕೊಳ್ಳಬೇಕು. ಕೋಲ್ಟ್ರೇನ್ ತಪ್ಪಿಸಿಕೊಂಡ ರೀತಿ ಜಾಣತನದ್ದು. ಗೋಳಿನ ವಿಳಂಬ ಬಿಟ್ಟು ಕಾಲವನ್ನು ಚುರುಕು ಮಾಡಿದ. ಮುಖ್ಯ ಸಾಲುಗಳಲ್ಲಿ ಕೆಳಗೆ ಒಂದೇ ಸ್ವರ ಬಿಡದೆ ನಿಲ್ಲುತ್ತದೆ, ಅದರ ಮೇಲೆ ಮೆಕಾಯ್ ಟೈನರ್ ಪಿಯಾನೋದಲ್ಲಿ ಒಂದೇ ಲಯದ ತುಣುಕನ್ನು ಮತ್ತೆ ಮತ್ತೆ ಕುಟ್ಟುತ್ತಾನೆ. ಅಂದರೆ ನಡೆದು ಹೋಗುತ್ತಿದ್ದ ತಂಬೂರಿಯನ್ನು ಹಿಡಿದು ಕೂರಿಸಿದ. ಬ್ರಿಡ್ಜಿನಲ್ಲಿ ಮಾತ್ರ ಇದಕ್ಕೆ ತದ್ವಿರುದ್ಧ: ಮೂಲದಲ್ಲಿ ಎರಡು ಕಡೆ ಸರಿಯುವ ಶ್ರುತಿಯನ್ನು ಇನ್ನಷ್ಟು ಒಡೆದು, ‘ಜೈಂಟ್ ಸ್ಟೆಪ್ಸ್’ನಲ್ಲಿ ತಾನು ಬಳಸಿದ್ದ ಹೊಸ ಕಾರ್ಡುಗಳ ಸುತ್ತು ತುಂಬಿದ. ಇದಾದ ಮರುವರ್ಷವೇ ‘ಇಂಡಿಯಾ’ ಎಂಬ ರಚನೆ ನುಡಿಸಿದವನೂ, ರವಿಶಂಕರರ ಮೇಲಿನ ಗೌರವಕ್ಕೆ ಮಗನಿಗೆ ರವಿ ಎಂದು ಹೆಸರಿಟ್ಟವನೂ ಈತನೇ.

ಡೆಕ್ಸ್ಟರ್ ಗಾರ್ಡನ್ 1970ರಲ್ಲಿ ‘ದಿ ಪ್ಯಾಂಥರ್’ ಆಲ್ಬಮ್ಮಿಗೆ ಇದೇ ಹಾಡು ನುಡಿಸಿದಾಗ ಒಂದು ವಿಚಿತ್ರ ನಡೆಯಿತು. ಹುಡುಗನಾಗಿದ್ದ ಕೋಲ್ಟ್ರೇನ್ ಗಾರ್ಡನ್ನನನ್ನು ಕೇಳಿ ಕಲಿತವನು. ಈಗ ಗಾರ್ಡನ್ ನುಡಿಸುವಾಗ ಕೋಲ್ಟ್ರೇನನ ನಿಂತ ಸ್ವರ, ಕೋಲ್ಟ್ರೇನನ ಕಾರ್ಡು ಒಳಗೆ ಬಂದಿವೆ. ಶಿಷ್ಯನ ಪಾಠವನ್ನು ಗುರು ನಾಚಿಕೆಯಿಲ್ಲದೆ ಎತ್ತಿಕೊಂಡಿದ್ದಾನೆ. ನಮ್ಮ ವಿದ್ವಾಂಸರಲ್ಲಿ ಇಂಥದ್ದು ಎಷ್ಟು ಜನ ಮಾಡಿಯಾರು ಎಂದು ಕೇಳಬೇಕೆನಿಸುತ್ತದೆ, ಆದರೆ ಅದು ಇನ್ನೊಂದು ಅಂಕಣದ ಜಗಳ. ಮನೆಯಲ್ಲಿ ನಾನು ಹೆಚ್ಚು ಹಾಕುವುದು ಈ ಗಾರ್ಡನ್ನನನ್ನು. ಎಲ್ಲಕ್ಕಿಂತ ದೊಡ್ಡದು ಯಾವುದು ಎಂದರೆ ಹಾಕಿನ್ಸನದೇ, ಅದರಲ್ಲಿ ಚೌಕಾಸಿಯಿಲ್ಲ.

ಇಷ್ಟು ಕೇಳಿದ ಮೇಲೆ ಕದ್ರಿಯವರ ಕಡೆ ಬಂದರೆ ಅವರು ಮಾಡಿದ್ದು ಎಷ್ಟು ಬೇರೆ, ಎಷ್ಟು ಕಷ್ಟ ಎಂಬುದು ಹೊಳೆಯುತ್ತದೆ. ಬಂಟ್ವಾಳ ತಾಲ್ಲೂಕಿನ ಸಜಿಪ ಮೂಡದಲ್ಲಿ 1949ರಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಾದಕರು, ಮಗನಿಗೂ ಮೊದಲು ಅದೇ ವಾದ್ಯ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸ್ಸು ಅದಕ್ಕೆ ತಿರುಗಿತು. ಅರಮನೆಯ ಬ್ಯಾಂಡಿನ ಖರ್ಚಿಗೂ ನಮ್ಮ ಚಿನ್ನಕ್ಕೂ ನೇರ ಲೆಕ್ಕ ಜೋಡಿಸಲು ಹೋಗುವುದಿಲ್ಲ. ಆದರೆ ಗಣಿ ಕಂಪನಿಗಳು ಕಟ್ಟುತ್ತಿದ್ದ ರಾಯಧನ ಮೈಸೂರು ಸಂಸ್ಥಾನದ ಬೊಕ್ಕಸಕ್ಕೇ ಹೋಗುತ್ತಿತ್ತು ಎಂಬುದು ನೆನಪಾಗದೆ ಇರುವುದಿಲ್ಲ. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಕದ್ರಿಯವರಿಗೆ ಪಾಠ ಹೇಳಿದರು.

ಅಡಾಲ್ಫ್ ಸ್ಯಾಕ್ಸ್ ಎಂಬ ಬೆಲ್ಜಿಯಂನವನು 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯ ಹುಟ್ಟಿದ್ದು ಮಿಲಿಟರಿ ಬ್ಯಾಂಡಿಗಾಗಿ. ಮೈ ಹಿತ್ತಾಳೆಯದು, ಬಾಯಲ್ಲಿ ಒಂಟಿ ರೀಡು. ನಾಗಸ್ವರದ್ದು ಜೋಡಿ ಓಲೆ. ನಾಗಸ್ವರದಲ್ಲಿ ಬೆರಳು ತೂತಿನ ಮೇಲೇ ಕೂರುತ್ತದೆ, ಅರ್ಧ ಮುಚ್ಚಿ, ಕಾಲು ತೆರೆದು ಸ್ವರವನ್ನು ಎಷ್ಟು ಬೇಕೋ ಅಷ್ಟು ಎಳೆಯಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ತೂತಿಗೂ ನಡುವೆ ಕೀಲಿ, ಮುಚ್ಚಳ. ಅದು ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು ಸ್ವರ ಕೊಡುವ ಯಂತ್ರ. ತೋಡಿಯ ಗಾಂಧಾರವನ್ನು, ಒಂದು ಕಡೆ ನಿಲ್ಲದೆ ತೂಗಾಡಬೇಕಾದ ಆ ಸ್ವರವನ್ನು, ಈ ಯಂತ್ರದಲ್ಲಿ ಹೊರಡಿಸುವುದು ಹೇಗೆ? ತುಟಿಯ ಒತ್ತಡ, ಉಸಿರಿನ ಹಿಡಿತ, ಕೀಲಿಯನ್ನು ಪೂರ್ತಿ ಒತ್ತದೆ ನಡುವೆ ನಿಲ್ಲಿಸುವ ಬೆರಳು ಇವೇ ದಾರಿ. ಅದರ ಜೊತೆಗೆ ಕದ್ರಿಯವರು ವಾದ್ಯದಲ್ಲೇ ಒಂದಷ್ಟು ಮಾರ್ಪಾಡು ಮಾಡಿಸಿಕೊಂಡಿದ್ದರು. ಇದೆಲ್ಲ ಹಿಡಿತಕ್ಕೆ ಬರಲು ವರ್ಷಾನುಗಟ್ಟಲೆ ಸಾಧನೆ ಬೇಕಾಯಿತು. ಜಾಝ್‌ನಲ್ಲಿ ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನ ಜಾನಿ ಹಾಜಸ್ ಆಲ್ಟೋದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವುದಕ್ಕೆ ಹೆಸರಾದವನು. ಕೇಳಿದರೆ ನಮ್ಮ ಜಾರು ಗಮಕದ ನೆನಪಾಗುತ್ತದೆ. ಆದರೆ ಅವನಿಗೆ ಅದು ಆಗೊಮ್ಮೆ ಈಗೊಮ್ಮೆ ಹಚ್ಚುವ ಅಲಂಕಾರ. ಕದ್ರಿಯವರಿಗೆ ಅದಿಲ್ಲದೆ ರಾಗವೇ ಇಲ್ಲ.

ಸ್ಯಾಕ್ಸೋಫೋನು ಕಂಡ ತಕ್ಷಣ ಕದ್ರಿಯವರದು ಜಾಝ್ ಎಂದುಬಿಡುವ ಅಭ್ಯಾಸ ಕೆಲವರಿಗಿದೆ. ಅದು ತಪ್ಪು. ಅವರು ನುಡಿಸಿದ್ದು ವರ್ಣ, ಕೃತಿ, ರಾಗ ತಾನ ಪಲ್ಲವಿ, ತಂಬೂರಿ ಕದಲಿದ್ದಿಲ್ಲ. ಜಾಝ್‌ನವರು ಅವರನ್ನು ಹುಡುಕಿಕೊಂಡು ಬಂದದ್ದು ನಿಜ. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅಮೆರಿಕದ ಆಲ್ಟೋ ವಾದಕ ಜಾನ್ ಹ್ಯಾಂಡಿ ಕದ್ರಿಯವರನ್ನು ಕೇಳಿ ಜೊತೆಗೆ ನುಡಿಸಲು ವೇದಿಕೆಗೆ ಕರೆದ. ಹ್ಯಾಂಡಿಗೆ ನಮ್ಮ ಸಂಗೀತ ಹೊಸದಾಗಿರಲಿಲ್ಲ, ಅಲಿ ಅಕ್ಬರ್ ಖಾನರ ಜೊತೆ ಮೊದಲೇ ಆಲ್ಬಮ್ ಮಾಡಿದ್ದ. ಅಲ್ಲಿಂದ ಪ್ರಾಗ್, ಬರ್ಲಿನ್ ಜಾಝ್ ಉತ್ಸವಗಳ ದಾರಿ ತೆರೆಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಕಛೇರಿ. ಕರ್ನಾಟಕ ಸಂಗೀತದವರಲ್ಲಿ ಅಲ್ಲಿ ನುಡಿಸಿದ ಮೊದಲಿಗರು ಅವರು. ಅದೇ ವರ್ಷ ಕೆ. ಬಾಲಚಂದರ್ ಅವರ ತಮಿಳು ಚಿತ್ರ ‘ಡ್ಯುಯೆಟ್’ ಬಂತು, ಸಂಗೀತ ಎ.ಆರ್. ರೆಹಮಾನ್. ನಾಯಕ ಪ್ರಭು ಸ್ಯಾಕ್ಸೋಫೋನ್ ವಾದಕ, ಹಿಂದೆ ಊದಿದವರು ಕದ್ರಿ. ತಮಿಳು ಸಿನಿಮಾ ನೋಡುವ ಕೆಜಿಎಫ್‌ನಂಥ ಊರಿನ ಜನಕ್ಕೆ ಸ್ಯಾಕ್ಸೋಫೋನ್ ಅಂದರೆ ಕಲ್ಯಾಣವಸಂತ ಎಂದು ಕಿವಿಯಲ್ಲಿ ಕೂತದ್ದು ಆ ಚಿತ್ರದಿಂದ. ಕರಾವಳಿಯಲ್ಲಂತೂ ಇವತ್ತು ಮದುವೆಗೂ ದೇವಸ್ಥಾನದ ಉತ್ಸವಕ್ಕೂ ಸ್ಯಾಕ್ಸೋಫೋನ್ ಇರಲೇಬೇಕು, ನುಡಿಸುವ ಹೆಣ್ಣುಮಕ್ಕಳೂ ಇದ್ದಾರೆ. 2004ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈ ಎರಡು ದಾರಿಯನ್ನು ಕೂಡಿಸಿದ್ದು ಒಂದು ಕನ್ನಡದ ಮನೆ, ಅದೂ ಅಮೆರಿಕದ ಕೊಲರಾಡೋದಲ್ಲಿ. ರುದ್ರೇಶ್ ಮಹಾಂತಪ್ಪ ಅವರ ತಂದೆತಾಯಿ ಕರ್ನಾಟಕದಿಂದ ಹೋದವರು, ತಂದೆ ಭೌತಶಾಸ್ತ್ರದ ಪ್ರಾಧ್ಯಾಪಕರು. ರುದ್ರೇಶ್ ಹುಟ್ಟಿದ್ದು 1971ರಲ್ಲಿ ಇಟಲಿಯ ತ್ರಿಯೆಸ್ತೆಯಲ್ಲಿ, ಬೆಳೆದದ್ದು ಬೌಲ್ಡರ್‌ನಲ್ಲಿ, ಹಿಡಿದದ್ದು ಆಲ್ಟೋ, ದೇವರು ಚಾರ್ಲಿ ಪಾರ್ಕರ್. ಕದ್ರಿಯವರ ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಆಲ್ಬಮ್ಮನ್ನು ಅಣ್ಣ ತಮಾಷೆಗೆಂದು ತಂದುಕೊಟ್ಟರಂತೆ. ತಮಾಷೆ ತಿರುಗಿಬಿತ್ತು. ಕೀಲಿಗಳ ನಡುವಿನ ಸ್ವರ ಹೊರಡಿಸುವ ಆ ಕೈ ಯಾರದು ಎಂದು ಹುಡುಕುತ್ತಾ ಅವರು ಕದ್ರಿಯವರ ತನಕ ಬಂದರು. 2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ಆಲ್ಬಮ್ ತಂದರು. ಎರಡು ಆಲ್ಟೋ, ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರು ಶ್ರೀಜಿ, ಜೊತೆಗೆ ಗಿಟಾರ್, ಬಾಸ್, ಡ್ರಮ್. ಫ್ಯೂಷನ್ ಹೆಸರಿನಲ್ಲಿ ಬರುವ ಸರಕಿನಲ್ಲಿ ಮುಕ್ಕಾಲು ಪಾಲು ಶಿಷ್ಟಾಚಾರದ ಮಾತುಕತೆ. ನೀವು ಹೇಳಿ, ನೀವು ಹೇಳಿ ಅನ್ನುವುದರಲ್ಲೇ ಕಾಲ ಹೋಗುತ್ತದೆ. ‘ಕಿನ್ಸ್‌ಮೆನ್’ ಹಾಗಿಲ್ಲ. ಒಂದೇ ಜಾತಿಯ ವಾದ್ಯ, ಒಂದರಿಂದ ಗಮಕ, ಇ‌ನ್ನೊಂದರಿಂದ ಕಾರ್ಡುಗಳ ಏಣಿ. ಯಾವುದು ಯಾರದೆಂದು ಕಣ್ಣುಮುಚ್ಚಿ ಹೇಳಬಹುದು.

ಅದಾದ ಮೇಲೆ ರುದ್ರೇಶ್ ಪಾರ್ಕರನ ಕಡೆ ತಿರುಗಿದರು. 2015ರ ‘ಬರ್ಡ್ ಕಾಲ್ಸ್’ನಲ್ಲಿ ಪಾರ್ಕರನ ಮಟ್ಟುಗಳ ತುಣುಕು ತೆಗೆದು ಹೊಸ ರಚನೆ ಮಾಡಿದರು; ‘ಸ್ಟೀಪಲ್‌ಚೇಸ್’ನಿಂದ ಹುಟ್ಟಿದ ರಚನೆಗೆ ಇಟ್ಟ ಹೆಸರು ‘ಗೋಪುರಂ’. ಸ್ಟ್ಯಾಂಡರ್ಡ್ ಕೇಳಬೇಕೆನ್ನುವವರಿಗೆ 2020ರ ‘ಹೀರೋ ಟ್ರಿಯೋ’ ಇದೆ. ಆಲ್ಟೋ, ಬಾಸ್, ಡ್ರಮ್, ಮೂರೇ ಜನ. ಅದರಲ್ಲಿ ‘ಐ ಕಾಂಟ್ ಗೆಟ್ ಸ್ಟಾರ್ಟೆಡ್’ ಹುಡುಕಿ. ವರ್ನನ್ ಡ್ಯೂಕ್ 1936ರಲ್ಲಿ ಮಾಡಿದ ಹಾಡು, ಕಟ್ಟಡ ‘ಬಾಡಿ ಅಂಡ್ ಸೋಲ್’ನಂಥದ್ದೇ. ಇದೇ ಹಾಡನ್ನು ಸಾನಿ ರೋಲಿನ್ಸ್ ಕೂಡ ಪಿಯಾನೋ ಇಲ್ಲದೆ, ಬಾಸು ಡ್ರಮ್ಮಿನ ಜೊತೆ, 1957ರ ನವೆಂಬರ್ 3ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡಿನಲ್ಲಿ ನುಡಿಸಿದ್ದಾನೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ಪಿಯಾನೋ ಎದ್ದುಹೋದಾಗ ವಾದಕನಿಗೆ ಎಷ್ಟು ಬಯಲು ಸಿಗುತ್ತದೆ, ಎಷ್ಟು ಹೊಣೆ ಬೀಳುತ್ತದೆ ಎರಡೂ ತಿಳಿಯುತ್ತದೆ. ರುದ್ರೇಶ್ ಅವರ ಸ್ವರಗಳ ಅಂಚಿನಲ್ಲಿ ಕದ್ರಿಯವರ ಮನೆಯ ವಾಸನೆ ಹಿಡಿಯುವವರು ಹಿಡಿಯುತ್ತಾರೆ.

ಇವೆಲ್ಲ ಈಗ ಫೋನಿನಲ್ಲೇ ಸಿಗುತ್ತವೆ, ಹುಡುಕಲು ಕಷ್ಟವಿಲ್ಲ. ಹಾಕಿನ್ಸನನ್ನು ಮೊದಲು ಕೇಳಿ, ರೋಲಿನ್ಸ್, ಕೋಲ್ಟ್ರೇನ್ ಆಮೇಲೆ. ನಡುವೆ ಕದ್ರಿಯವರ ಒಂದು ರಾಗ ಹಾಕಿಕೊಂಡರೆ ನಿಂತ ತಂಬೂರಿಯ ರುಚಿ, ನಡೆಯುವ ತಂಬೂರಿಯ ರುಚಿ ಬೇರೆ ಬೇರೆಯಾಗಿ ನಾಲಗೆಗೆ ಹತ್ತುತ್ತದೆ.

ಫೋನಿನಲ್ಲಿ ಸಿಗದ್ದು ನಮ್ಮ ಕೆಜಿಎಫ್ ಕಡೆಯದು. 78 ಆರ್‌ಪಿಎಂ ತಟ್ಟೆಗಳನ್ನು ಅರಗಿನಿಂದ ಮಾಡುತ್ತಿದ್ದರು, ಆ ಅರಗು ಜಗತ್ತಿಗೆಲ್ಲ ಬಹುಪಾಲು ಹೋಗುತ್ತಿದ್ದುದು ಭಾರತದಿಂದ. ಬಿದ್ದರೆ ಹಂಚಿನ ಚೂರಿನಂತೆ ಒಡೆಯುತ್ತವೆ, ಆದರೆ ನೆರಳಲ್ಲಿ ನಿಲ್ಲಿಸಿಟ್ಟರೆ ನೂರು ವರ್ಷ ಬಾಳುತ್ತವೆ. ಊರಿಗಾಂ, ಚಾಂಪಿಯನ್ ರೀಫ್, ರಾಬರ್ಟ್‌ಸನ್‌ಪೇಟೆಯ ಹಳೆಯ ಮನೆಗಳ ಅಟ್ಟದಲ್ಲಿ ಇಂಥ ತಟ್ಟೆ, ನೃತ್ಯದ ಕಾರ್ಯಕ್ರಮದ ಚೀಟಿ, ಬ್ಯಾಂಡಿನವರು ಸ್ಯಾಕ್ಸೋಫೋನ್ ಹಿಡಿದು ನಿಂತ ಫೋಟೊ, ಕೈಬರಹದ ಸ್ವರಲಿಪಿ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಫೋಟೊದ ಹಿಂದೆ ಇಸವಿ, ಜಾಗ, ನಿಂತವರ ಹೆಸರು ಬರೆದಿಡಿ. ತಟ್ಟೆಯ ಮೇಲಿನ ಚೀಟಿಯನ್ನು ಫೋನಿನಲ್ಲಿ ತೆಗೆದಿಡಿ. ಮೆಲ್ಬರ್ನ್, ಪರ್ತ್‌ನಲ್ಲಿ ನೆಂಟರಿದ್ದರೆ ಅವರಿಗೂ ಒಂದು ಮಾತು ಹೇಳಿ. ಆ ನೃತ್ಯಗಳಲ್ಲಿ ಕುಣಿದವರು, ನುಡಿಸಿದವರು ಈಗ ಎಂಬತ್ತು ದಾಟಿದವರು, ಅವರನ್ನು ಕೇಳಬೇಕಾದ್ದನ್ನು ಈ ವರ್ಷವೇ ಕೇಳಿ.